ಉಪ್ಪೂ ಬರಬೇಕು, ಸಿಹಿಯೂ ಬರಬೇಕು: ಹಿನ್ನೀರಿನಲ್ಲಿ ಚಿಪ್ಪಿ ಬೆಳೆಯುವ ಬಗೆ

ಪ್ರತಿ ವರ್ಷ ಡಿಸೆಂಬರ್ ಮಧ್ಯದ ಹೊತ್ತಿಗೆ ಕೇರಳದ ತಣ್ಣೀರ್‌ಮುಕ್ಕಂನಲ್ಲಿ ವೆಂಬನಾಡ್ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಬಾಗಿಲುಗಳನ್ನು ಇಳಿಸುತ್ತಾರೆ. ಒಡ್ಡಿನ ಉದ್ದ ಒಂದೂಕಾಲು ಕಿಲೋಮೀಟರಿನಷ್ಟು. ಅದರ ಉತ್ತರಕ್ಕೆ ಕೊಚ್ಚಿಯ ಅಳಿವೆ, ಆಚೆ ಅರಬ್ಬೀ ಸಮುದ್ರ. ದಕ್ಷಿಣಕ್ಕೆ ಕುಟ್ಟನಾಡು, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಸೀಮೆ. ಬಾಗಿಲು ಇಳಿದ ಮೇಲೆ ಉಬ್ಬರದ ಉಪ್ಪುನೀರು ಗದ್ದೆಗಳ ಕಡೆ ಏರಿ ಬರುವುದಿಲ್ಲ. ಮಾರ್ಚ್ ಮಧ್ಯದವರೆಗೆ, ಕೊಯ್ಲು ತಡವಾದ ವರ್ಷ ಇನ್ನೂ ಮುಂದಕ್ಕೆ, ಹಿನ್ನೀರು ಹೀಗೆ ಎರಡು ಭಾಗವಾಗಿ ನಿಂತಿರುತ್ತದೆ.

ಅದೇ ಹಿನ್ನೀರಿನ ತಳದ ಮರಳುಕೆಸರಿನಲ್ಲಿ ಕಪ್ಪು ಸಿಪ್ಪೆಯ ಒಂದು ಚಿಪ್ಪಿ ಹುದುಗಿ ಬದುಕುತ್ತದೆ. ಅಲ್ಲಿನವರು ಅದನ್ನು ಕರುತ್ತ ಕಕ್ಕ ಅನ್ನುತ್ತಾರೆ, ವಿಜ್ಞಾನಿಗಳು ವಿಲ್ಲೋರಿಟಾ ಸಿಪ್ರಿನಾಯ್ಡಿಸ್ ಎಂದು ಗುರುತಿಸುತ್ತಾರೆ. ಸಿಹಿನೀರನ್ನೂ ತಡೆದುಕೊಳ್ಳಬಲ್ಲ ಗಟ್ಟಿ ಜೀವ ಅದು. ಆದರೆ ಸಂತಾನ ಬೆಳೆಸಲು ಅದಕ್ಕೆ ಉಪ್ಪು ಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಕಕ್ಕಕ್ಕೆ ಮೊಟ್ಟೆ ಬಿಡಲು ಹಿತವಾದದ್ದು 10ರಿಂದ 12 ಗ್ರಾಂ. ಅದು ವರ್ಷಕ್ಕೆ ಎರಡು ಬಾರಿ ಮರಿ ಮಾಡುತ್ತದೆ: ಒಂದು ಮಳೆಗಾಲದ ಆಸುಪಾಸಿನಲ್ಲಿ, ಇನ್ನೊಂದು ಜನವರಿಯಿಂದ ಮಾರ್ಚ್‌ವರೆಗೆ. ಈ ಎರಡನೆಯ ಕಾಲದಲ್ಲೇ ಬಾಗಿಲು ಮುಚ್ಚಿರುತ್ತದೆ. ಉಪ್ಪು ಏರಬೇಕಾದ ತಿಂಗಳುಗಳಲ್ಲಿ ದಕ್ಷಿಣದ ನೀರು ಸಪ್ಪೆಯಾಗಿಯೇ ಉಳಿಯುತ್ತದೆ.

ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ ವೆಂಬನಾಡಿನ ಕಕ್ಕ ಇಳುವರಿ 2006ರಲ್ಲಿ ಸುಮಾರು 75 ಸಾವಿರ ಟನ್ ಇತ್ತು. 2019ರ ಹೊತ್ತಿಗೆ ಅದು 42 ಸಾವಿರ ಟನ್ನಿಗೆ ಇಳಿಯಿತು. ಕಾರಣ ಒಡ್ಡು ಒಂದೇ ಎಂದು ಹೇಳಿದರೆ ತಪ್ಪಾಗುತ್ತದೆ. ಎಳೆಯ ಚಿಪ್ಪಿಯನ್ನೂ ಬಿಡದೆ ಬಾಚುವುದು, ಹಿನ್ನೀರನ್ನು ತುಂಬಿಸಿ ನೆಲ ಮಾಡುವುದು, ಗದ್ದೆಯ ಕೀಟನಾಶಕ, ಪಟ್ಟಣಗಳ ಕೊಳಚೆ ಎಲ್ಲವೂ ಸೇರಿವೆ. ಆದರೂ ಚಿಪ್ಪಿಯೊಂದು ಹೇಗೆ ಬೆಳೆಯುತ್ತದೆ, ಯಾವಾಗ ಬೆಳೆಯುವುದನ್ನು ನಿಲ್ಲಿಸುತ್ತದೆ ಎಂದು ತಿಳಿಯಹೊರಟವರಿಗೆ ಈ ಬಾಗಿಲುಗಳಷ್ಟು ಸ್ಪಷ್ಟವಾಗಿ ಪಾಠ ಹೇಳುವ ಜಾಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಿಮೆ. ಅಂಥ ಇನ್ನೊಂದು ಜಾಗ ನಮ್ಮ ಉತ್ತರ ಕನ್ನಡದಲ್ಲೇ ಇದೆ. ಅಲ್ಲಿಗೆ ಆಮೇಲೆ ಬರೋಣ.

ಕೂತಲ್ಲೇ ಬದುಕು

ಮೀನಿಗೆ ನೀರು ಹಿಡಿಸದಿದ್ದರೆ ಅದು ಈಜಿಕೊಂಡು ಬೇರೆಡೆ ಹೋಗುತ್ತದೆ. ಏಡಿ ನಡೆದು ಹೋಗುತ್ತದೆ. ಬೆಳಚು, ಮರುವಾಯಿ, ಕಕ್ಕ ಮುಂತಾದ ಚಿಪ್ಪಿಗಳಿಗೆ ಆ ಸೌಕರ್ಯ ಇಲ್ಲ. ಮೊಟ್ಟೆಯೊಡೆದ ಮೇಲೆ ಎರಡು ಮೂರು ವಾರ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯಾಗಿ ನೀರಿನಲ್ಲಿ ತೇಲುವುದೇ ಅವುಗಳ ಬದುಕಿನ ದೊಡ್ಡ ಪ್ರಯಾಣ. ಆಮೇಲೆ ತಳಕ್ಕಿಳಿದು, ಮರಳಿನ ಕಾಳಿಗೋ ಹಳೆಯ ಚಿಪ್ಪಿನ ಚೂರಿಗೋ ಅಂಟಿಕೊಂಡು, ಸ್ವಲ್ಪ ಬಲಿತ ಮೇಲೆ ಮಣ್ಣಿನೊಳಗೆ ಹೂತುಕೊಂಡು ಕೂರುತ್ತವೆ. ಕಲ್ಲಿಗೆ ಅಂಟುವ ಪಚ್ಚಿಲೆ, ಸಿಂಪಿಗಳದ್ದೂ ಇದೇ ಕಥೆ. ಆಹಾರ, ಉಸಿರು, ಉಪ್ಪು, ಬಿಸಿ ಎಲ್ಲವನ್ನೂ ನೀರೇ ಅವು ಇರುವ ಕಡೆ ತಂದುಕೊಡಬೇಕು.

ತರುವ ಕೆಲಸ ಉಬ್ಬರ ಇಳಿತಗಳದ್ದು. ಮಣ್ಣಿನೊಳಗಿನ ಬೆಳಚು ಎರಡು ಕೊಳವೆಗಳನ್ನು ಮೇಲಕ್ಕೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಒಳಗೆ ಬಂದ ನೀರು ಕಿವಿರುಗಳ ಮೇಲೆ ಹರಿಯುವಾಗ ಅಲ್ಲಿನ ಸೂಕ್ಷ್ಮ ರೋಮಗಳು ಪಾಚಿಯ ಕಣಗಳನ್ನು ಹಿಡಿದು ಬಾಯಿಯ ಕಡೆ ಸಾಗಿಸುತ್ತವೆ. ಅದೇ ಕಿವಿರು ಉಸಿರಾಟಕ್ಕೂ ಬೇಕು. ಹೊಟ್ಟೆಯ ಕೆಲಸಕ್ಕೂ ಉಸಿರಿನ ಕೆಲಸಕ್ಕೂ ಅಂಗ ಒಂದೇ ಆದ್ದರಿಂದ, ಹೂಳು ತುಂಬಿದ ನೀರು ಬಂದರೆ ಚಿಪ್ಪಿಗೆ ಎರಡು ಕಡೆಯಿಂದ ಪೆಟ್ಟು. ಕೆಸರಿನ ಕಣಗಳನ್ನು ಅಂಟಿನಲ್ಲಿ ಸುತ್ತಿ ಹೊರಗೆ ಹಾಕುತ್ತದೆ ನಿಜ, ಆದರೆ ಆ ಅಂಟು ಮಾಡುವುದಕ್ಕೂ ಮೈಯ ಶಕ್ತಿಯೇ ಖರ್ಚಾಗಬೇಕು. ಹೂಳು ಹೆಚ್ಚಿರುವ ಕಡೆ ಚಿಪ್ಪಿ ಸಾಯದೆ ಉಳಿದರೂ ಸಣ್ಣದಾಗಿಯೇ ಉಳಿಯುವುದು ಇದೇ ಕಾರಣಕ್ಕೆ.

ಇಳಿತದಲ್ಲಿ ಬಯಲಾಗುವ ದಿಬ್ಬದ ಮೇಲಿನ ಚಿಪ್ಪಿಗೂ ಸದಾ ನೀರಿನಡಿ ಇರುವ ಚಿಪ್ಪಿಗೂ ಬೆಳವಣಿಗೆಯಲ್ಲಿ ವ್ಯತ್ಯಾಸ ಇರುತ್ತದೆ. ಬಯಲಾದಷ್ಟು ಹೊತ್ತು ಊಟವಿಲ್ಲ. ದಿನಕ್ಕೆ ಎರಡು ಬಾರಿ, ಒಂದೊಂದು ಬಾರಿ ಎರಡು ಮೂರು ಗಂಟೆಯಂತೆ ಊಟ ತಪ್ಪಿದರೆ ವರ್ಷದ ಕೊನೆಗೆ ಗಾತ್ರದಲ್ಲಿ ಎದ್ದು ಕಾಣುತ್ತದೆ. ಹರಿವಿನ ಚುರುಕೂ ಅಷ್ಟೇ ಮುಖ್ಯ. ಒಂದು ಚಿಪ್ಪಿ ತನ್ನ ಸುತ್ತಲ ನೀರನ್ನು ಸೋಸಿ ಮುಗಿಸಿದ ಮೇಲೆ ಹೊಸ ನೀರು ಬಾರದಿದ್ದರೆ ಕಿವಿರು ಆಡಿಸಿ ಪ್ರಯೋಜನವಿಲ್ಲ. ದಟ್ಟವಾಗಿ ಕೂತ ಹಾಸಿನ ನಡುವಿನ ಚಿಪ್ಪಿಗಳು ಅಂಚಿನವುಗಳಿಗಿಂತ ಬಡಕಲಾಗಿರುವುದನ್ನು ಬೆಳಚು ಆಯುವ ಹೆಂಗಸರು ಬರಿಗಣ್ಣಿನಲ್ಲೇ ಗುರುತಿಸುತ್ತಾರೆ.

ಬಾಯಿ ಮುಚ್ಚಿದ ದಿನಗಳು

ಇನ್ನು ಉಪ್ಪಿನ ವಿಷಯ. ನಮ್ಮ ಮೈಯ ರಕ್ತದಲ್ಲಿ ಉಪ್ಪು ಎಷ್ಟಿರಬೇಕೋ ಅಷ್ಟೇ ಇರುವಂತೆ ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಚಿಪ್ಪಿಗೆ ಅಂಥ ಏರ್ಪಾಡಿಲ್ಲ. ಹೊರಗಿನ ನೀರಿನಲ್ಲಿ ಉಪ್ಪು ಎಷ್ಟಿದೆಯೋ ಸುಮಾರು ಅಷ್ಟೇ ಅದರ ಮೈದ್ರವದಲ್ಲೂ ಇರುತ್ತದೆ. ಹೊರಗೆ ಸಪ್ಪೆ ನೀರು ಬಂದರೆ ಜೀವಕೋಶಗಳೊಳಗೆ ನೀರು ನುಗ್ಗಿ ಅವು ಉಬ್ಬತೊಡಗುತ್ತವೆ. ತಡೆಯಲು ಕೋಶಗಳು ತಮ್ಮೊಳಗಿನ ಅಮೈನೋ ಆಮ್ಲಗಳನ್ನು ಹೊರಹಾಕಿ ಒಳಗಿನ ಸಾಂದ್ರತೆಯನ್ನು ಇಳಿಸಿಕೊಳ್ಳುತ್ತವೆ. ಉಪ್ಪು ಮತ್ತೆ ಏರಿದಾಗ ಹೊಸದಾಗಿ ಕೂಡಿಟ್ಟುಕೊಳ್ಳಬೇಕು. ಮೈ ಕಟ್ಟಲು ಬೇಕಾದ ಸಾಮಗ್ರಿಯೇ ಹೀಗೆ ಖರ್ಚಾಗುತ್ತದೆ.

ಬದಲಾವಣೆ ನಿಧಾನವಾಗಿದ್ದರೆ ಚಿಪ್ಪಿ ಒಗ್ಗಿಕೊಳ್ಳುತ್ತದೆ. ಒಂದೇ ರಾತ್ರಿಯ ಮಳೆಗೆ ಹೊಳೆ ತುಂಬಿ ಬಂದರೆ ಅದಕ್ಕೆ ಉಳಿದಿರುವುದು ಒಂದೇ ದಾರಿ, ಎರಡೂ ಕವಾಟಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುವುದು. ಒಳಗೆ ಹಿಡಿದಿಟ್ಟ ಸ್ವಲ್ಪ ಉಪ್ಪುನೀರಿನಲ್ಲಿ ದಿನಗಟ್ಟಲೆ ಕೂರುತ್ತದೆ. ಊಟವಿಲ್ಲ. ಇದ್ದ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಆಮ್ಲಜನಕವಿಲ್ಲದೆ ಶಕ್ತಿ ಪಡೆಯುವ ಬೇರೊಂದು ಕ್ರಮಕ್ಕೆ ದೇಹ ಹೊರಳಿಕೊಳ್ಳುತ್ತದೆ, ಅದರಿಂದ ಒಳಗೆ ಹುಳಿ ಶೇಖರವಾಗುತ್ತದೆ. ಆ ಹುಳಿಯನ್ನು ತಗ್ಗಿಸಲು ಚಿಪ್ಪಿ ತನ್ನದೇ ಚಿಪ್ಪಿನ ಒಳಗೋಡೆಯ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಬರಗಾಲದಲ್ಲಿ ಬಿತ್ತನೆಗೆ ಇಟ್ಟ ಬೀಜವನ್ನೇ ಕುಟ್ಟಿ ಉಣ್ಣುವ ಮನೆಯ ಪಾಡು ಅದು. ಆ ದಿನಗಳಲ್ಲಿ ಬೆಳವಣಿಗೆ ನಿಲ್ಲುವುದಷ್ಟೇ ಅಲ್ಲ, ಬೆಳೆದದ್ದೂ ಸವೆಯುತ್ತದೆ.

ಮತ್ತೆ ಬಾಯಿ ತೆರೆದು ಹೊಸ ಸುಣ್ಣ ಕಟ್ಟತೊಡಗಿದಾಗ ಹಳೆಯ ಅಂಚಿನ ಗುರುತು ಗೆರೆಯಾಗಿ ಉಳಿದುಬಿಡುತ್ತದೆ. ಬೆಳಚಿನ ಬೆನ್ನಿನ ಮೇಲೆ ಒತ್ತೊತ್ತಾಗಿ ಕಾಣುವ ಗೆರೆಗಳು ಅದರ ಕಷ್ಟದ ಕಾಲ, ನಡುವಿನ ಅಗಲ ಪಟ್ಟಿಗಳು ಹೊಟ್ಟೆ ತುಂಬಿದ ಕಾಲ. ಸಂಶೋಧಕರು ಚಿಪ್ಪನ್ನು ಸೀಳಿ, ನಯಗೊಳಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ಈ ಪಟ್ಟಿಗಳನ್ನು ಓದುತ್ತಾರೆ. ನಮ್ಮ ಮಾನ್ಸೂನ್ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಿಹಿನೀರಿನ ಕಾಲವೇ ಇಂಥ ಗುರುತು ಮೂಡಿಸುವ ದೊಡ್ಡ ಕಾರಣ.

ಕಾಸರಗೋಡಿನ ಪಡನ್ನ ಹಿನ್ನೀರಿನಲ್ಲಿ ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುವವರ ಇಡೀ ಲೆಕ್ಕಾಚಾರ ನಿಂತಿರುವುದು ಇದರ ಮೇಲೆ. ತೊಂಬತ್ತರ ದಶಕದಲ್ಲಿ ಶುರುವಾಗಿ ಮಹಿಳಾ ಸ್ವಸಹಾಯ ಸಂಘಗಳ ಕೈಯಲ್ಲಿ ಹಬ್ಬಿದ ಈ ಕೃಷಿಯಲ್ಲಿ ಮಳೆ ಮುಗಿದು ನೀರು ಉಪ್ಪಾದ ಮೇಲೆ ಮರಿಗಳನ್ನು ಹಗ್ಗಕ್ಕೆ ಸುತ್ತುತ್ತಾರೆ. ಐದಾರು ತಿಂಗಳಲ್ಲಿ ಅವು ಮಾರುವ ಗಾತ್ರಕ್ಕೆ ಬರುತ್ತವೆ. ಕಡಲ ಬಂಡೆಯ ಮೇಲೆ ಅದೇ ಗಾತ್ರಕ್ಕೆ ಬರಲು ಹೆಚ್ಚು ಕಾಲ ಬೇಕು. ಹಗ್ಗದ ಮೇಲಿನದ್ದು ಸದಾ ನೀರಿನಲ್ಲಿರುತ್ತದೆ, ಹಿನ್ನೀರಿನಲ್ಲಿ ಪಾಚಿಯ ಆಹಾರ ಧಾರಾಳ, ಅಲೆಯ ಹೊಡೆತ ಇಲ್ಲ. ಆದರೆ ಮಳೆ ಹಿಡಿಯುವ ಮೊದಲು ಕೊಯ್ದು ಮುಗಿಸಲೇಬೇಕು. ಜೂನ್‌ನ ಮೊದಲ ದೊಡ್ಡ ಮಳೆಗೆ ನೀರು ಸಿಹಿಯಾದರೆ ಹಗ್ಗದ ಪಚ್ಚಿಲೆ ಸಾಯುತ್ತದೆ. ಇಲ್ಲಿನ ಸಮುದ್ರದ ಪಚ್ಚಿಲೆಗೆ ಕಪ್ಪು ಕಕ್ಕದ ತಾಳಿಕೆ ಇಲ್ಲ.

ಪ್ರತಿ ಜಾತಿಗೂ ಅದರದೇ ಮಿತಿ ಇದೆ ಎಂಬುದು ಇದರಿಂದ ತಿಳಿಯುತ್ತದೆ. ಒಂದು ಹಿನ್ನೀರಿನಲ್ಲಿ ಅಳಿವೆಯಿಂದ ಮೇಲಕ್ಕೆ ಹೋಗುತ್ತಾ ನೋಡಿದರೆ ಚಿಪ್ಪಿಗಳು ತಮ್ಮ ತಮ್ಮ ಉಪ್ಪಿಗೆ ತಕ್ಕಂತೆ ಸಾಲಾಗಿ ಕೂತಿರುತ್ತವೆ. ಕಡಲಿಗೆ ಹತ್ತಿರ ಮರಳು ತಳದಲ್ಲಿ ಪ್ಯಾಫಿಯಾ ಮಲಬಾರಿಕಾ ಎಂಬ ಗೆರೆಗೆರೆಯ ಬೆಳಚು, ಇನ್ನೂ ಒಳಗೆ ನುಣುಪು ಚಿಪ್ಪಿನ ಮೆರಿಟ್ರಿಕ್ಸ್, ಹೊಳೆ ಸಿಹಿಯಾಗುವ ಕಡೆ ಕಪ್ಪು ವಿಲ್ಲೋರಿಟಾ. ಉಪ್ಪಿನ ಗಡಿ ಸರಿದರೆ ಈ ಸಾಲು ಕದಲುತ್ತದೆ.

ಆಹಾರ ಹೆಚ್ಚಾದರೂ ಕಷ್ಟ

ಹಿನ್ನೀರಿನಲ್ಲಿ ಚಿಪ್ಪಿ ಚೆನ್ನಾಗಿ ಬೆಳೆಯಲು ಉಪ್ಪಿನಷ್ಟೇ ದೊಡ್ಡ ಕಾರಣ ಅಲ್ಲಿನ ಆಹಾರ. ಘಟ್ಟದಿಂದ ಇಳಿಯುವ ಹೊಳೆಗಳು ಎಲೆಗೊಬ್ಬರದ ಸಾರವನ್ನೂ ಸಿಲಿಕಾವನ್ನೂ ಹೊತ್ತು ತರುತ್ತವೆ. ಸಿಲಿಕಾ ಇದ್ದರೆ ಡಯಾಟಂ ಎಂಬ ಸೂಕ್ಷ್ಮ ಪಾಚಿ ಹುಲುಸಾಗುತ್ತದೆ, ಚಿಪ್ಪಿಗಳಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಮಳೆ ನಿಂತು ನೀರು ತಿಳಿಯಾಗಿ ಉಪ್ಪು ಮೆಲ್ಲನೆ ಏರುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬೆಳಚು ಚೇತರಿಸಿಕೊಂಡು ಬೆಳೆಯುವುದರ ಹಿಂದೆ ಮಳೆಗಾಲದಲ್ಲಿ ಹೊಳೆ ಕೂಡಿಟ್ಟು ಹೋದ ಈ ಸತ್ವ ಇದೆ. ಚಿಪ್ಪಿಗೆ ಸಂಕಟ ಕೊಟ್ಟ ಸಿಹಿನೀರೇ ಮುಂದಿನ ಆರು ತಿಂಗಳ ಊಟವನ್ನೂ ತಂದಿರುತ್ತದೆ. ಚಿಪ್ಪಿಯನ್ನು ಕೊರೆದು ತಿನ್ನುವ ಕಡಲ ಶಂಖುಗಳನ್ನೂ ಮಳೆಗಾಲದ ನೀರು ಹೊರದೂಡುತ್ತದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಹಿನ್ನೀರಿನ ಚಿಪ್ಪಿಗೆ ಬೇಕಾದದ್ದು ವರ್ಷವಿಡೀ ಒಂದೇ ಬಗೆಯ ನೀರಲ್ಲ. ಉಪ್ಪೂ ಸಿಹಿಯೂ ತಮ್ಮ ತಮ್ಮ ಕಾಲಕ್ಕೆ ಬಂದು ಹೋಗುವ ನೀರು.

ನೀರು ಓಡಾಡದೆ ನಿಂತರೆ ಇದೇ ಸತ್ವ ವಿಷವಾಗುತ್ತದೆ. ಗದ್ದೆಯ ರಸಗೊಬ್ಬರ, ಊರಿನ ಕೊಳಚೆ ಸೇರಿ ಪಾಚಿ ಮಿತಿಮೀರಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ತಳದ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎದ್ದರೆ ಅಲ್ಲೇ ಹೂತುಕೊಂಡಿರುವ ಚಿಪ್ಪಿಗೆ ಓಡಲು ದಾರಿಯಿಲ್ಲ. ಸಪ್ಪೆ ನೀರು ನಿಂತ ಕಡೆ ಡಯಾಟಂಗಳ ಜಾಗವನ್ನು ನೀಲಿಹಸಿರು ಪಾಚಿ ಹಿಡಿಯುತ್ತದೆ, ಅದು ಚಿಪ್ಪಿಗೆ ಪುಷ್ಟಿ ಕೊಡುವ ಆಹಾರವಲ್ಲ. ಮೇಲೆ ಅಂತರಗಂಗೆ ಹಬ್ಬಿ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ಮೊದಲು ವರ್ಷಕ್ಕೊಮ್ಮೆ ಏರಿಬರುತ್ತಿದ್ದ ಉಪ್ಪು ಈ ಕಳೆಯನ್ನು ಸುಟ್ಟುಹಾಕುತ್ತಿತ್ತು. ತಣ್ಣೀರ್‌ಮುಕ್ಕಂನ ದಕ್ಷಿಣದ ನೀರಿನಲ್ಲಿ ಈ ಎಲ್ಲ ತೊಂದರೆಗಳೂ ಒಟ್ಟಿಗೆ ಕಾಣಿಸಿಕೊಂಡಿವೆ. ಮೊಟ್ಟೆಯಿಡಲು ಉಪ್ಪುನೀರಿಗೆ ಇಳಿಯಬೇಕಾದ ದೊಡ್ಡ ಸಿಹಿನೀರು ಸಿಗಡಿಯೂ ಅಲ್ಲಿ ಕಡಿಮೆಯಾಗಿದೆ.

ಕುಟ್ಟನಾಡಿನ ಮಣ್ಣಿನದ್ದೇ ಇನ್ನೊಂದು ಸಂಗತಿ ಇದೆ. ವೈಕಂ ಸುತ್ತಲಿನ ಕರಿ ಎಂಬ ಕಪ್ಪು ಜೌಗುಮಣ್ಣಿನಲ್ಲಿ ಗಂಧಕ ಹೆಚ್ಚು. ಒಣಗಿ ಗಾಳಿ ತಾಗಿದರೆ ಅದು ಆಮ್ಲವಾಗುತ್ತದೆ. ಆ ಹುಳಿನೀರು ಹಿನ್ನೀರಿಗೆ ಹರಿದರೆ ಸುಣ್ಣದ ಚಿಪ್ಪು ಕಟ್ಟುವ ಜೀವಕ್ಕೆ ನೇರವಾದ ಪೆಟ್ಟು. ಸಮುದ್ರದ ನೀರಿಗೆ ಹುಳಿಯನ್ನು ತಗ್ಗಿಸುವ ಗುಣ ಇದೆ, ಹೊಳೆಯ ಮೃದು ನೀರಿಗೆ ಅದು ಬಹಳ ಕಡಿಮೆ. ಸುಣ್ಣ ಕಟ್ಟಲು ಬೇಕಾದ ಕ್ಯಾಲ್ಸಿಯಂ ಕೂಡ ಸಿಹಿನೀರಿನಲ್ಲಿ ಕಡಿಮೆಯೇ.

ಇದೇ ವೆಂಬನಾಡಿನ ತಳದಲ್ಲಿ, ಕೆಸರಿನಡಿ, ಹಿಂದಿನ ಕಾಲದ ಚಿಪ್ಪಿನ ದಪ್ಪ ಹಾಸುಗಳಿವೆ. ಸಾವಿರಾರು ವರ್ಷ ಬದುಕಿ ಸತ್ತ ಕಕ್ಕಗಳ ಗೋದಾಮು ಅದು. ಕೋಟ್ಟಯಂನ ಸಿಮೆಂಟ್ ಕಾರ್ಖಾನೆ ದಶಕಗಳ ಕಾಲ ಬಿಳಿ ಸಿಮೆಂಟ್ ಮಾಡಿದ್ದು ಇದೇ ಚಿಪ್ಪಿನಿಂದ. ಕಕ್ಕ ಆಯುವವರ ಮನೆಗಳಲ್ಲಿ ಇವತ್ತಿಗೂ ಗಂಡಸರು ದೋಣಿಯಿಂದ ಬಾಚಿ ತರುತ್ತಾರೆ, ಹೆಂಗಸರು ಬೇಯಿಸಿ ಮಾಂಸ ಬಿಡಿಸುತ್ತಾರೆ, ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಒಂದು ಜೀವ ಎರಡು ಬಾರಿ ಸಂಪಾದನೆ ಕೊಡುತ್ತದೆ.

ಕುಟ್ಟನಾಡಿನ ರೈತರನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಐವತ್ತರ ದಶಕದ ಕೊನೆಗೆ ಕೆಲಸ ಶುರುವಾಗಿ ಎಪ್ಪತ್ತರ ದಶಕದ ಮಧ್ಯದಲ್ಲಿ ಒಡ್ಡು ಬಳಕೆಗೆ ಬಂದಾಗ ದೇಶಕ್ಕೆ ಅಕ್ಕಿ ಬೇಕಿತ್ತು. ಉಪ್ಪುನೀರು ನುಗ್ಗಿದರೆ ಇಡೀ ವರ್ಷದ ಬೆಳೆ ಹೋಗುತ್ತಿತ್ತು. ಒಡ್ಡು ಕಟ್ಟಿದವರ ಲೆಕ್ಕದಲ್ಲಿ ಭತ್ತದ ಕಾಳು ಇತ್ತು, ಕಕ್ಕದ ಮರಿ ಇರಲಿಲ್ಲ. ಬಾಗಿಲು ಯಾವಾಗ ತೆರೆಯಬೇಕು ಎಂಬ ಜಗಳ ಪ್ರತಿ ಬೇಸಿಗೆಯಲ್ಲೂ ಅಲ್ಲಿ ಏಳುತ್ತದೆ. ಬಿತ್ತನೆಯನ್ನು ಪಾಡಶೇಖರ ಎಂಬ ಎಲ್ಲ ಗದ್ದೆಬಯಲುಗಳಲ್ಲೂ ಒಂದೇ ಕಾಲಕ್ಕೆ ಮುಗಿಸಿ ಬಾಗಿಲನ್ನು ಬೇಗ ಎತ್ತುವಂತಾದರೆ ರೈತರಿಗೂ ಮೀನುಗಾರರಿಗೂ ಬದುಕಲು ದಾರಿ ಇದೆ ಎಂಬುದು ನನ್ನ ನಂಬಿಕೆ. ಕೊಚ್ಚಿಯ ಅದೇ ಸಂಶೋಧನಾ ಸಂಸ್ಥೆ 2022ರಲ್ಲಿ ಮುಹಮ್ಮ ಎಂಬ ಊರಿನ ಬಳಿ, ದಟ್ಟವಾಗಿ ಮರಿ ಬಿದ್ದ ಕಡೆಯಿಂದ ಎಳೆಯ ಕಕ್ಕಗಳನ್ನು ತಂದು ಬರಿದಾದ ತಳದಲ್ಲಿ ಬಿತ್ತಿತು. ಒಳ್ಳೆಯ ಕೆಲಸ. ಆದರೆ ಬಿತ್ತಿದ್ದು ಮುಂದೆ ತಾನಾಗಿ ಮರಿ ಮಾಡಬೇಕಾದರೆ ಉಪ್ಪು ಬರಲೇಬೇಕು.

ದಾರಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾದ ಚಿಲಿಕಾ ಸಾಕ್ಷಿ. ಅದರ ಅಳಿವೆಯ ಕಾಲುವೆ ಹೂಳು ತುಂಬಿ, ಕಡಲಿನ ನೀರು ಬರುವುದು ಕಡಿಮೆಯಾಗಿ, ಸರೋವರ ಸಪ್ಪೆಯಾಗುತ್ತಾ ಕಳೆಯಿಂದ ತುಂಬುತ್ತಿತ್ತು. 1993ರಲ್ಲಿ ಅದನ್ನು ಅಪಾಯದಲ್ಲಿರುವ ರಾಮ್ಸರ್ ತಾಣಗಳ (ಜಾಗತಿಕ ಮಹತ್ವದ ಜೌಗು ನೆಲೆಗಳ) ಪಟ್ಟಿಗೆ ಸೇರಿಸಿದ್ದರು. 2000ದ ಸೆಪ್ಟೆಂಬರ್‌ನಲ್ಲಿ ಕಡಲಿಗೆ ಹೊಸ ಬಾಯಿ ತೋಡಿದರು. ಉಪ್ಪು ಮರಳಿತು, ಕಳೆ ಹಿಂದೆ ಸರಿಯಿತು, ಮೀನು, ಸಿಗಡಿ, ಏಡಿಗಳ ಇಳುವರಿ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. 2002ರಲ್ಲಿ ಅಪಾಯದ ಪಟ್ಟಿಯಿಂದ ಚಿಲಿಕಾದ ಹೆಸರು ತೆಗೆದರು. ಹಿನ್ನೀರುಗಳಿಗೆ ಚೇತರಿಸಿಕೊಳ್ಳುವ ಶಕ್ತಿ ಬಹಳ ಇದೆ, ನೀರಿನ ದಾರಿ ಬಿಟ್ಟುಕೊಟ್ಟರೆ ಸಾಕು.

ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಅನುಭವ ಬೇರೆ ರೀತಿಯದು. ಅಲ್ಲಿ ನೀಂಡಕರದ ಅಳಿವೆಗೆ ಸಮೀಪದ ತಳದಲ್ಲಿ ಪ್ಯಾಫಿಯಾ ಬೆಳಚು ಹೇರಳ. ಎಂಬತ್ತರ ದಶಕದಲ್ಲಿ ರಫ್ತು ಶುರುವಾಗಿ, ಬಾಚಿ ಬಾಚಿ ತೊಂಬತ್ತರ ಆರಂಭಕ್ಕೆ ಇಳುವರಿ ಕುಸಿಯಿತು. ಆಮೇಲೆ ಅಲ್ಲಿನವರೇ ವಿಜ್ಞಾನಿಗಳ ಮಾತು ಕೇಳಿ ನಿಯಮ ಮಾಡಿಕೊಂಡರು. ಬೆಳಚು ಮರಿಮಾಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವಂತಿಲ್ಲ. ಬಲೆಯ ಕಣ್ಣು 30 ಮಿಲಿಮೀಟರ್, ಎಳೆಯವು ಜಾರಿ ಉಳಿಯಲಿ ಎಂದು. 2014ರ ನವೆಂಬರ್‌ನಲ್ಲಿ ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್‌ನ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಅದಾಯಿತು. ಮನುಷ್ಯ ತನ್ನ ಕೈ ಬಿಗಿಹಿಡಿದದ್ದು ಫಲ ಕೊಟ್ಟಿತು, ನಿಜ. ಅಳಿವೆ ತೆರೆದಿದ್ದು, ಉಬ್ಬರ ಇಳಿತ ದಿನವೂ ಹೊಸ ನೀರು ತರುತ್ತಿದ್ದುದರಿಂದ ಆ ಶಿಸ್ತಿಗೆ ಫಲ ಬಂತು ಎಂಬುದನ್ನೂ ಮರೆಯಬಾರದು.

ಎರಡು ಹೊಳೆಗಳು

ಉತ್ತರ ಕನ್ನಡಕ್ಕೆ ಬರೋಣ. ಅಘನಾಶಿನಿ ಮತ್ತು ಶರಾವತಿ ಒಂದೇ ಜಿಲ್ಲೆಯಲ್ಲಿ, ಅಕ್ಕಪಕ್ಕದ ಕುಮಟಾ ಹೊನ್ನಾವರ ತಾಲೂಕುಗಳಲ್ಲಿ ಕಡಲು ಸೇರುತ್ತವೆ. ಬೀಳುವ ಮಳೆ ಒಂದೇ, ಕಡಲು ಒಂದೇ, ಉಬ್ಬರದ ಏರಿಳಿತ ಒಂದೇ. ವ್ಯತ್ಯಾಸ ಇರುವುದು ಮೇಲೆ, ಘಟ್ಟದಲ್ಲಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲೂ ಕಟ್ಟಿದರು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಯಾವ ದೊಡ್ಡ ಅಣೆಕಟ್ಟೂ ಇಲ್ಲ.

ಅಘನಾಶಿನಿಯಲ್ಲಿ ಮಳೆಗಾಲದಲ್ಲಿ ಹೊಳೆ ಅಳಿವೆಯವರೆಗೂ ಸಿಹಿ. ದೀಪಾವಳಿ ಕಳೆದ ಮೇಲೆ ಹೊಳೆಯ ಹರಿವು ಇಳಿದಂತೆ ಉಪ್ಪು ಮೇಲೇರುತ್ತದೆ, ಬೇಸಿಗೆಯಲ್ಲಿ ಉಬ್ಬರದ ನೀರು ಉಪ್ಪಿನಪಟ್ಟಣದ ಕಡೆಗೂ ತಲುಪುತ್ತದೆ. ಈ ಹೋಗಿಬರುವ ಉಪ್ಪನ್ನು ನಂಬಿಯೇ ಅಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ ಇದೆ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಇದೆ, ಬೆಳಚು ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಲ್ಲಿ ಹಲವು ಜಾತಿಯ ತಿನ್ನುವ ಚಿಪ್ಪಿಗಳನ್ನು ದಾಖಲಿಸಿದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿ ಆಯುತ್ತಾರೆ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ಕೆಲಸ ಕೊಡುತ್ತದೆ ಎಂದು ಲೆಕ್ಕ ಹಾಕಿದರು. ಅವರಲ್ಲಿ ಹೆಂಗಸರೂ ಬಹಳ. ಇಳಿತದ ಹೊತ್ತು ನೋಡಿಕೊಂಡು ಸೊಂಟಮಟ್ಟದ ನೀರಿಗಿಳಿದು ಕಾಲಿನಲ್ಲಿ ತಡವಿ, ಕೈಯಲ್ಲಿ ಆಯ್ದು ತುಂಬುವವರು. ಬಂಡವಾಳ ಬೇಡದ, ಯಜಮಾನ ಇಲ್ಲದ ದುಡಿಮೆ ಅದು. ಹೊಳೆ ಎಲ್ಲರದೂ ಆಗಿರುವವರೆಗೆ ಮಾತ್ರ ಸಿಗುವ ದುಡಿಮೆ.

ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರಗಳು ವರ್ಷವಿಡೀ ನೀರು ಬಿಡುತ್ತವೆ. ಬೇಸಿಗೆಯಲ್ಲಿ ಸೊರಗಿ ಉಪ್ಪಿಗೆ ದಾರಿ ಬಿಡಬೇಕಾಗಿದ್ದ ಹೊಳೆ ಏಪ್ರಿಲ್, ಮೇ ತಿಂಗಳಲ್ಲೂ ತುಂಬಿ ಹರಿದು ಉಪ್ಪನ್ನು ಹೊರಕ್ಕೆ ತಳ್ಳುತ್ತದೆ. ಅದೇ ಸಂಶೋಧಕರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶರಾವತಿ ಅಳಿವೆಯ ಬೆಳಚುಗಳು ಸೊರಗಲು ಜಲವಿದ್ಯುತ್ ಯೋಜನೆಯಿಂದ ನೀರಿನ ಉಪ್ಪು ಇಳಿದದ್ದು ಕಾರಣ ಎಂದು ಹೇಳಿದೆ. ಹೆಚ್ಚು ಉಪ್ಪು ಬೇಡುವ ಜಾತಿಗಳು ಅಲ್ಲಿ ಹಿಂದೆ ಸರಿದವು, ಸಿಹಿ ತಾಳುವ ಕಪ್ಪು ವಿಲ್ಲೋರಿಟಾಕ್ಕೆ ಮಾತ್ರ ಅನುಕೂಲವಾಯಿತು. ಹೊನ್ನಾವರದ ಕಡೆ ಬೆಳಚು ಆಯ್ದು ಬದುಕುತ್ತಿದ್ದ ಮನೆಗಳಿಗೆ ಅದರಿಂದ ಆದ ನಷ್ಟ ಯಾವ ವಿದ್ಯುತ್ ದರದಲ್ಲೂ ಸೇರಿಲ್ಲ. ನಾಡಿಗೆ ಬೆಳಕು ಕೊಟ್ಟ ಯೋಜನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಬೆಳಕಿನ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವರು ಯಾರು ಎಂಬುದು ದಾಖಲಾಗಬೇಕು.

ಅಘನಾಶಿನಿಯೂ ನಿಶ್ಚಿಂತವಾಗಿಲ್ಲ. ಮರಳು ತೆಗೆದರೆ ಮರಿ ಕೂರಬೇಕಾದ ತಳವೇ ಹೋಗುತ್ತದೆ. ಚಿಪ್ಪಿಗಾಗಿ ತಳ ಅಗೆದರೂ ಹಾಗೆಯೇ, ಸತ್ತ ಚಿಪ್ಪಿನ ಚೂರುಗಳೇ ಹೊಸ ಮರಿಗಳಿಗೆ ಅಂಟಿಕೊಳ್ಳಲು ಆಸರೆ. ಗಟ್ಟಿ ಬೆಲೆ ಸಿಗುತ್ತದೆಂದು ಬೆರಳ ತುದಿಯಷ್ಟಿರುವ ಎಳೆಯ ಬೆಳಚನ್ನೂ ಬಾಚುವುದು ಇತ್ತೀಚಿನ ಕೆಟ್ಟ ಅಭ್ಯಾಸ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸರ್ ತಾಣವಾಯಿತು. ಸಂತೋಷದ ಸುದ್ದಿ. ಆದರೆ ವೆಂಬನಾಡ್ 2002ರಿಂದಲೂ ರಾಮ್ಸರ್ ತಾಣವೇ. ಕಕ್ಕದ ಇಳುವರಿ ಇಳಿದದ್ದು ಆ ಹೆಸರು ಬಂದ ಮೇಲೆ.

ನಮ್ಮ ಕರಾವಳಿಯ ಉದ್ದಕ್ಕೂ ಈಗ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟುಗಳನ್ನು ಕಟ್ಟುತ್ತಿದ್ದಾರೆ. ಪಶ್ಚಿಮವಾಹಿನಿ ಯೋಜನೆಯಲ್ಲೇ ಅಂಥವು ಅನೇಕ. ಖಾರ್‌ಲ್ಯಾಂಡ್ ಎಂಬ, ಗಜನಿಗಳನ್ನು ಕಾಯುವ ಒಡ್ಡುಗಳಂತೂ ಮೊದಲಿನಿಂದ ಇವೆ. ಬಾವಿಯ ನೀರು ಉಪ್ಪಾಗಿ ಕುಡಿಯಲು ಪರದಾಡುವ ಊರುಗಳಿಗೆ ಅವು ಬೇಕು, ತೋಟದವರಿಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಒತ್ತಾಯ ಇಷ್ಟೇ. ಕಟ್ಟುವ ಮೊದಲು ಒಂದು ಪೂರ್ತಿ ವರ್ಷ, ಮಳೆ ಬೇಸಿಗೆ ಎರಡರಲ್ಲೂ, ಆ ಹೊಳೆಯ ಉಪ್ಪು ಎಲ್ಲಿವರೆಗೆ ಹೋಗಿ ಬರುತ್ತದೆ ಎಂದು ಅಳೆಯಿರಿ. ಬೆಳಚಿನ ಹಾಸು ಎಲ್ಲಿದೆ, ಅದು ಮರಿಮಾಡುವುದು ಯಾವ ತಿಂಗಳು ಎಂದು ಅದನ್ನು ಆಯುವ ಹೆಂಗಸರನ್ನೇ ಕೇಳಿ ಗುರುತು ಹಾಕಿಕೊಳ್ಳಿ. ಆ ಹಾಸುಗಳ ಮೇಲ್ಗಡೆ ಮಾತ್ರ ಕಟ್ಟಿ. ಹಲಗೆ ಹಾಕುವ ದಿನ, ತೆಗೆಯುವ ದಿನ ಗೊತ್ತುಮಾಡುವ ಸಭೆಯಲ್ಲಿ ಅವರಿಗೂ ಒಂದು ಜಾಗ ಕೊಡಿ.

ಪೇಟೆಯಲ್ಲಿ ಬೆಳಚು, ಮರುವಾಯಿ ಕೊಳ್ಳುವವರೂ ಒಂದು ಕೆಲಸ ಮಾಡಬಹುದು. ತೀರಾ ಎಳೆಯದನ್ನು ಕೊಳ್ಳಬೇಡಿ, ಕೊಳ್ಳುವವರಿಲ್ಲದಿದ್ದರೆ ಬಾಚುವವರೂ ನಿಲ್ಲುತ್ತಾರೆ. ಕೊಳಚೆ ಸೇರುವ ಕಡೆಯ ಚಿಪ್ಪಿ ಆ ಕೊಳೆಯನ್ನೇ ಮೈಯಲ್ಲಿ ಕೂಡಿಟ್ಟುಕೊಂಡಿರುತ್ತದೆ, ಆದ್ದರಿಂದ ಎಲ್ಲಿಯದು ಎಂದು ಕೇಳಿಯೇ ತೆಗೆದುಕೊಳ್ಳಿ.

ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿಗೆ ತಿರುಗಿಸುವ ಪ್ರಸ್ತಾಪವೂ ಚರ್ಚೆಯಲ್ಲಿದೆ. ಅದರ ಪರ ವಿರೋಧ ಮಾತಾಡುವವರೆಲ್ಲ ಘಟ್ಟದ ಮೇಲಿನ ಕಾಡು, ತೋಟಗಳ ಜೊತೆಗೆ ಕೆಳಗೆ ಅಳಿವೆಯಲ್ಲಿರುವ ಬೆಳಚಿನ ಹಾಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಶರಾವತಿಯಲ್ಲಿ ಆಗ ಕೇಳುವವರು ಇರಲಿಲ್ಲ. ಅಘನಾಶಿನಿಯಲ್ಲಿ ಕೇಳಲು ಇನ್ನೂ ಸಮಯ ಇದೆ.